ಅದಿರಿನ ದುಡ್ಡು, ಮಕ್ಕಳ ವಾರ್ಡು

ಮಾನ್ಯ ಮುಖ್ಯಮಂತ್ರಿಗಳಿಗೆ,

ಸಂಡೂರಿನಿಂದ ಹೊಸಪೇಟೆಗೆ ಸುಮಾರು 30 ಕಿ.ಮೀ. ಕಂಪ್ಲಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಊರಿಗೆ ಬಳ್ಳಾರಿ ಅದಕ್ಕಿಂತ ದೂರ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಹೊಸ ಜಿಲ್ಲೆಯ ಪಾಲಾದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಮದುವೆ ಜವಳಿಗೆ, ರೈಲಿಗೆ, ಸಂತೆಗೆ ಜನ ಹೊಸಪೇಟೆಗೆ ಬರುವುದು ನಿಂತಿಲ್ಲ. ಕಡತಗಳು ಮಾತ್ರ ಬೇರೆ ದಾರಿ ಹಿಡಿದಿವೆ. ಹುಷಾರು ತಪ್ಪಿದ ಮಗುವೊಂದು ಈ ಎರಡು ದಾರಿಗಳ ನಡುವೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದು ತಮ್ಮ ಗಮನಕ್ಕೆ ಬರಲಿ ಎಂದು ಈ ಪತ್ರ.

ನಾನು ಹೊಸಪೇಟೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಡಾಕ್ಟರಲ್ಲ, ಹೋರಾಟಗಾರನೂ ಅಲ್ಲ. ಮಕ್ಕಳ ಅಳತೆಯ ನೆಬ್ಯುಲೈಸರ್ ಮಾಸ್ಕು ನನ್ನಲ್ಲಿ ಮಳೆಗಾಲಕ್ಕೂ ಖರ್ಚು, ಚಳಿಗಾಲಕ್ಕೂ ಖರ್ಚು. ಶಟರ್ ಇಳಿಸುವ ಹೊತ್ತಿಗೆ ಚೀಟಿ ಹಿಡಿದು ಬರುವವರಲ್ಲಿ ಕೆಲವರು ಔಷಧಿ ಕೇಳುವುದಿಲ್ಲ. "ಬಳ್ಳಾರಿಗೆ ಬರ್ದುಕೊಟ್ಟಾರ್ರಿ, ಗಾಡಿ ಎಲ್ಲಿ ಸಿಗ್ತೈತಿ?" ಎಂದು ಕೇಳುತ್ತಾರೆ. 108ಕ್ಕೆ ಫೋನು ಮಾಡಿ ಕಾಯುತ್ತಾ ನಿಂತವರ ಹೆಗಲ ಮೇಲೆ ಪಕ್ಕೆ ಸೆಳೆಯುತ್ತಿರುವ ಕೂಸು. ಹೊಸಪೇಟೆಯಿಂದ ಬಳ್ಳಾರಿಗೆ 60 ಕಿ.ಮೀ.ಗೂ ಮಿಕ್ಕಿದ ದಾರಿ. ಅಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ, 1961ರಲ್ಲಿ ಶುರುವಾದ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಕೊಪ್ಪಳ, ರಾಯಚೂರು ಕಡೆಯವರೂ ಬರುತ್ತಾರೆ, ಆಂಧ್ರದ ಗಡಿಯವರೂ ಬರುತ್ತಾರೆ. ಅಲ್ಲಿಯೂ ಆಗದಿದ್ದರೆ ಹುಬ್ಬಳ್ಳಿ, ಇಲ್ಲವೇ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ಉಳ್ಳವರು ದಾವಣಗೆರೆಯ ಬಾಪೂಜಿ ಮಕ್ಕಳ ಆಸ್ಪತ್ರೆಯ ಕಡೆ ಕಾರು ತಿರುಗಿಸುತ್ತಾರೆ.

ಕಂಪ್ಲಿಯವರ ಪಾಡು ಇನ್ನೊಂದು ಬಗೆಯದು. ತುಂಗಭದ್ರಾ ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟರೆ ಗಂಗಾವತಿ ಕಡೆಯ ಸೇತುವೆ ಮುಳುಗುತ್ತದೆ. ಆಚೆ ದಡದಲ್ಲಿ ಗೊತ್ತಿರುವ ಮಕ್ಕಳ ಡಾಕ್ಟರಿದ್ದರೂ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಿಯೇ ಹೋಗಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾದಾಗ ಇಡೀ ರಾಜ್ಯ ನಮ್ಮ ಹೊಳೆಯ ಕಡೆ ನೋಡಿತು. ಹೊಳೆ ದಂಡೆಯ ಮನೆಗಳಲ್ಲಿ ಜ್ವರ ಬಂದ ಮಕ್ಕಳು ಪ್ರತಿ ಮಳೆಗಾಲದಲ್ಲೂ ಇರುತ್ತಾರೆ.

ಇಷ್ಟು ಓದಿ ಒಂದು ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸರ್ಕಾರಿ ಆಸ್ಪತ್ರೆಯ ಕಟ್ಟಡಗಳು ಹೊಸಪೇಟೆಯಲ್ಲೂ ಇವೆ, ಸಂಡೂರಲ್ಲೂ ಇವೆ, ಕಂಪ್ಲಿಯಲ್ಲೂ ಇವೆ. ನಮಗೆ ಬೇಕಾದದ್ದು ನಡುರಾತ್ರಿಯಲ್ಲೂ ಮಗುವನ್ನು ಉಸಿರಾಟದ ಯಂತ್ರಕ್ಕೆ ಹಾಕಿ, ಬೆಳಗಿನವರೆಗೆ ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಜನ. ಹತ್ತು ಹಾಸಿಗೆಯ ಮಕ್ಕಳ ತೀವ್ರ ನಿಗಾ ಘಟಕ ಎಂದಿಟ್ಟುಕೊಳ್ಳಿ. ಎರಡು ಹಾಸಿಗೆಗೆ ಒಬ್ಬ ನರ್ಸ್ ಅಂದರೂ ಒಂದು ಪಾಳಿಗೆ ಐವರು, ಮೂರು ಪಾಳಿಗೆ ಹದಿನೈದು. ವಾರದ ರಜೆ, ಹೆರಿಗೆ ರಜೆ ಸೇರಿಸಿದರೆ ಇಪ್ಪತ್ತಕ್ಕೂ ಮೇಲೆ. ಹೊರಗುತ್ತಿಗೆಯಲ್ಲಿ ಆರು ತಿಂಗಳು ಸಂಬಳಕ್ಕಾಗಿ ಕಾಯುವ ಹುಡುಗಿಯರಿಂದ ಈ ಕೆಲಸ ಆಗುವುದಿಲ್ಲ. ಕೆಲಸ ಕಲಿತ ನರ್ಸ್ ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೊರಟರೆ ಆಕೆಯನ್ನು ದೂರಲಾಗದು.

2021ರಲ್ಲಿ ಕೊರೊನಾದ ಮೂರನೇ ಅಲೆ ಮಕ್ಕಳನ್ನು ಹಿಡಿಯುತ್ತದೆಂದು ದೇಶವೇ ಹೆದರಿದ್ದಾಗ ಕೇಂದ್ರ ಸರ್ಕಾರ 23,123 ಕೋಟಿ ರೂಪಾಯಿಯ ಯೋಜನೆ ಮಾಡಿ, ಎಲ್ಲ 736 ಜಿಲ್ಲೆಗಳಲ್ಲೂ ಮಕ್ಕಳ ಘಟಕ ಎಂದಿತು. ಆ ಹೆಸರಲ್ಲಿ ಬಂದ ಯಂತ್ರಗಳಲ್ಲಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕು ಊರುಗಳ ಆಸುಪಾಸಿನಲ್ಲಿ ಇಂದು ಎಷ್ಟು ನಡೆಯುತ್ತಿವೆ, ಎಷ್ಟಕ್ಕೆ ಹೊದಿಕೆ ಹಾಕಿದೆ ಎಂಬುದನ್ನು ಇಲಾಖೆ ಒಂದು ಹಾಳೆಯಲ್ಲಿ ಪ್ರಕಟಿಸಲಿ.

ಇನ್ನು ದುಡ್ಡಿನ ಮಾತು. ಸಂಡೂರಿನ ಗುಡ್ಡದಿಂದ ನೂರು ರೂಪಾಯಿಯ ಅದಿರು ಹೊರಟರೆ ಅದರಲ್ಲಿ ಹದಿನೈದು ರೂಪಾಯಿ ರಾಜಧನ. ಆ ರಾಜಧನದ ಮೇಲೆ, 2015ರ ಜನವರಿ 12ಕ್ಕೂ ಮುಂಚಿನ ಗುತ್ತಿಗೆಯಾದರೆ ನೂರಕ್ಕೆ 30, ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ನೂರಕ್ಕೆ 10ರಂತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರಬೇಕು. ಅಂದರೆ ನೂರು ರೂಪಾಯಿ ಅದಿರಿಗೆ ನಾಲ್ಕೂವರೆ ಇಲ್ಲವೇ ಒಂದೂವರೆ ರೂಪಾಯಿ ಗಣಿಬಾಧಿತ ಜನರದು. ಕಾನೂನು ಹೇಳಿದ್ದು ಇದು, ಯಾರ ಔದಾರ್ಯವೂ ಅಲ್ಲ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರಿನ ವಾರ್ಷಿಕ ಮಿತಿಯನ್ನು 28 ದಶಲಕ್ಷ ಟನ್ನಿನಿಂದ 35ಕ್ಕೆ ಏರಿಸಿತು. ಲಾರಿ ಹೆಚ್ಚಾದವು, ಧೂಳು ಹೆಚ್ಚಾಯಿತು, ಖಾತೆಯೂ ದಪ್ಪವಾಗಿರಲೇಬೇಕು. ಇದಲ್ಲದೆ ಅಕ್ರಮ ಗಣಿಗಾರಿಕೆಯ ಗಾಯ ಮಾಯಿಸಲೆಂದು 2014ರಲ್ಲಿ ಹುಟ್ಟಿದ ಕೆಎಂಇಆರ್‌ಸಿ ಎಂಬ ನಿಗಮದ ಬಳಿ ಸಾವಿರಾರು ಕೋಟಿ ಇದೆ. ಅದರ ಖರ್ಚಿನ ಮೇಲೆ ಕಣ್ಣಿಡಲು ನ್ಯಾಯಾಲಯವೇ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಆರೋಗ್ಯ ಈ ಎರಡೂ ಹಣದ ಬಾಬತ್ತಿನಲ್ಲಿದೆ.

ತೊಡಕು ಇರುವುದು ಜಿಲ್ಲೆಯ ಗೆರೆಯಲ್ಲಿ. ಸಂಡೂರಿನ ಅದಿರಿನ ಪಾಲು ಬಳ್ಳಾರಿಯ ಪ್ರತಿಷ್ಠಾನಕ್ಕೆ ಹೋಗುತ್ತದೆ. ಸಂಡೂರಿನ ಮಗುವಿಗೆ ಹತ್ತಿರದ ದೊಡ್ಡ ಊರು ವಿಜಯನಗರ ಜಿಲ್ಲೆಯಲ್ಲಿದೆ. ಬಳ್ಳಾರಿಯ ಜಿಲ್ಲಾಧಿಕಾರಿ ತಮ್ಮ ಹಣವನ್ನು ಪಕ್ಕದ ಜಿಲ್ಲೆಯಲ್ಲಿ ಏಕೆ ಸುರಿದಾರು? ಇದನ್ನು ಮುಂಗಂಡೇ ಪ್ರತಿಷ್ಠಾನದ ಹಣದ ಮಾರ್ಗಸೂಚಿಯಲ್ಲಿ ಒಂದು ಕಿಂಡಿ ಇಟ್ಟಿದ್ದಾರೆ: ಒಂದು ಜಿಲ್ಲೆಯ ಗಣಿಯಿಂದ ಬಾಧಿತವಾದ ಪ್ರದೇಶ ಇನ್ನೊಂದು ಜಿಲ್ಲೆಯಲ್ಲಿದ್ದರೆ, ರಾಜ್ಯ ಸರ್ಕಾರ ನಿಗದಿ ಮಾಡಿದಷ್ಟು ಪಾಲನ್ನು ಆ ಜಿಲ್ಲೆಗೆ ವರ್ಗಾಯಿಸಬಹುದು. ನಿಗದಿ ಮಾಡಬೇಕಾದ್ದು ರಾಜ್ಯ ಸರ್ಕಾರ. ಪತ್ರವನ್ನು ಜಿಲ್ಲಾಧಿಕಾರಿಗಳಿಗೆ ಬರೆಯದೆ ತಮಗೇ ಬರೆದದ್ದು ಅದಕ್ಕಾಗಿ.

ಹಣ ಸಿಕ್ಕರೆ ಎಲ್ಲಿ ಕಟ್ಟಬೇಕು, ಹೇಗೆ ನಡೆಸಬೇಕು ಎಂಬುದಕ್ಕೆ ಹೊರಗಿನ ಎರಡು ನಿದರ್ಶನ ನೋಡಿ. ಆಫ್ರಿಕಾದ ಮಲಾವಿ ನಮಗಿಂತ ಎಷ್ಟೋ ಬಡ ದೇಶ. ಅಲ್ಲಿನ ಬ್ಲಾಂಟೈರ್ ಊರಿನಲ್ಲಿ 2017ರ ಜುಲೈನಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಗೆಂದೇ ಒಂದು ಕೇಂದ್ರ ತೆರೆಯಿತು. ಹಣ ತಂದದ್ದು ಗಾಯಕಿ ಮಡೋನಾ ಕಟ್ಟಿದ ದತ್ತಿಸಂಸ್ಥೆ. ಆಕೆಯ ದತ್ತುಮಗಳು ಮರ್ಸಿ ಜೇಮ್ಸಳ ಹೆಸರಿಟ್ಟರು. ಅದರೊಳಗಿನ ಮಕ್ಕಳ ತೀವ್ರ ನಿಗಾ ಘಟಕ ಆ ದೇಶದಲ್ಲೇ ಮೊದಲನೆಯದು. ನನಗೆ ಹಿಡಿಸಿದ್ದು ದೊಡ್ಡ ಹೆಸರಲ್ಲ, ಅದನ್ನು ಎಲ್ಲಿ ಕಟ್ಟಿದರು ಎಂಬುದು. ಊರ ಹೊರಗೆ ಬೇಲಿ ಹಾಕಿಕೊಂಡು ಕಟ್ಟದೆ, ಕ್ವೀನ್ ಎಲಿಜಬೆತ್ ಎಂಬ ಸರ್ಕಾರಿ ಆಸ್ಪತ್ರೆಯ ಆವರಣದೊಳಗೇ ಕಟ್ಟಿದರು. ಬಡವರು ಬರುವ ಬಾಗಿಲಿನಿಂದಲೇ ಒಳಗೆ ಹೋಗಬೇಕು. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ನೆಲ್ಸನ್ ಮಂಡೇಲಾ ಹೆಸರಿನ 200 ಹಾಸಿಗೆಯ ಮಕ್ಕಳ ಆಸ್ಪತ್ರೆಯನ್ನು ದಾನದ ಹಣದಿಂದ ಕಟ್ಟಿ 2016ರ ಡಿಸೆಂಬರ್‌ನಲ್ಲಿ ಉದ್ಘಾಟಿಸಿದರು. ಆದರೆ ಹಾಸಿಗೆಗಳು ತೆರೆದದ್ದು ಹಂತಹಂತವಾಗಿ, ಆಮೇಲೆ. ದಾನಿಗಳು ಗೋಡೆ ಕಟ್ಟಿಕೊಡುತ್ತಾರೆ. ತಿಂಗಳ ಸಂಬಳ ಸರ್ಕಾರದ ಬೊಕ್ಕಸದಿಂದಲೇ ಬರಬೇಕು.

ನಮ್ಮಲ್ಲೂ ದಾನಧರ್ಮಕ್ಕೆ ಬರವಿಲ್ಲ. ತೋರಣಗಲ್ಲಿನಲ್ಲಿ ಜಿಂದಾಲ್‌ನವರ ಆಸ್ಪತ್ರೆಯಿದೆ. 2021ರ ಮೇ ತಿಂಗಳಲ್ಲಿ ಅವರ ಉಕ್ಕಿನ ಕಾರ್ಖಾನೆಯ ಆಮ್ಲಜನಕ ನಂಬಿಕೊಂಡು ಅಲ್ಲಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದದ್ದನ್ನು ನಾವು ಮರೆತಿಲ್ಲ. ಖಾಸಗಿಯವರು ಸೇರಬಾರದು ಎಂಬ ವಾದ ನನ್ನದಲ್ಲ. ಸೇರುವುದು ಹೇಗೆ ಎಂಬುದಕ್ಕೆ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಇದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ಸರ್ಕಾರ ವಹಿಸಿತು. ಆಸ್ಪತ್ರೆ ಸರ್ಕಾರದ್ದಾಗಿಯೇ ಉಳಿಯಿತು, ಬಡವನ ಕೈಯಲ್ಲಿ ಬಿಲ್ಲು ಕೊಡಲಿಲ್ಲ.

ಹಾಗಾಗಿ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯ ಆವರಣದೊಳಗೇ, ನಾಲ್ಕೂ ಊರಿನ ಮಕ್ಕಳಿಗೆಂದು, ಒಂದು ಪೂರ್ಣ ಪ್ರಮಾಣದ ಮಕ್ಕಳ ವಿಭಾಗ ಮಾಡಿ. ಗಣಿ ಹಣದಲ್ಲಿ ಒಂದು ಪಾಲನ್ನು ಇಡುಗಂಟಾಗಿ ಇಟ್ಟು ಅದರ ಬಡ್ಡಿಯಲ್ಲಿ ಡಾಕ್ಟರು, ನರ್ಸುಗಳ ಸಂಬಳ ನಡೆಯಲಿ. ಗಣಿ ಬರಿದಾದ ಮೇಲಿನ ಜೀವನೋಪಾಯಕ್ಕೆ ಇಡುಗಂಟು ಇಡುವ ಮಾತು ಮಾರ್ಗಸೂಚಿಯಲ್ಲೇ ಇದೆ. ಆರೋಗ್ಯಕ್ಕೂ ಅದನ್ನು ಚಾಚಲು ಕೇಂದ್ರದ ಒಪ್ಪಿಗೆ ಬೇಕಾದರೆ ಕೇಳಿ ಪಡೆಯಿರಿ. ಅದಿರು ಮುಗಿದ ದಿನ ಸಂಡೂರಿನಲ್ಲಿ ಮಕ್ಕಳು ಹುಟ್ಟುವುದು ನಿಲ್ಲುವುದಿಲ್ಲ.

ದಾನಿಗಳಿಗೂ ಕೆಲಸ ಉಳಿದಿದೆ. ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರದಲ್ಲಿ ಮಗುವಿನೊಡನೆ ತಾಯಿ 14 ದಿನ ಇರಬೇಕು. ಕೂಲಿ ಹೋಯಿತೆಂದು ಅಷ್ಟಿಷ್ಟು ಭತ್ಯೆ ಕೊಡುತ್ತಾರೆ. ತಾಂಡಾದ ಮನೆಯಲ್ಲಿ ಇನ್ನೆರಡು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ಗಂಡ ಕಬ್ಬು ಕಡಿಯಲು ಹೋಗಿರುವಾಗ, ಯಾವ ತಾಯಿ ಹದಿನಾಲ್ಕನೆಯ ದಿನದವರೆಗೆ ಕೂತಾಳು? ಆ ಇನ್ನೆರಡು ಮಕ್ಕಳನ್ನೂ ಕರೆತಂದು ಉಳಿಯಲು ಒಂದು ಕೋಣೆ, ಒಲೆ, ಬಚ್ಚಲು ಕಟ್ಟಿಸಿಕೊಡಲಿ. ಗಣಿ ಕಂಪನಿಗಳ ಸಿಎಸ್‌ಆರ್ ಹಣಕ್ಕೆ ಇದಕ್ಕಿಂತ ಚೆನ್ನಾದ ಬಾಬತ್ತು ನನಗೆ ಕಾಣದು. ಬಸ್ ಸ್ಟ್ಯಾಂಡಿನ ಕಮಾನಿಗಿಂತಂತೂ ವಾಸಿ. ಕಮಾನಿನ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಬಿಟ್ಟರೆ.

ಎರಡೂ ಜಿಲ್ಲಾಧಿಕಾರಿಗಳು, ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು, ಕೆಎಂಇಆರ್‌ಸಿಯವರು ಒಂದೇ ಮೇಜಿಗೆ ಕೂರುವಂತೆ ತಾವು ಸಭೆ ಕರೆಯಬೇಕು. ಬಳ್ಳಾರಿ ಪ್ರತಿಷ್ಠಾನದಿಂದ ವಿಜಯನಗರಕ್ಕೆ ನೂರಕ್ಕೆ ಎಷ್ಟು ಪಾಲು ಎಂಬ ಆದೇಶ ಆ ಸಭೆಯಲ್ಲೇ ಆಗಲಿ. ನರ್ಸುಗಳ ಹುದ್ದೆ ಮಂಜೂರಾಗದೆ ಗೋಡೆಗೆ ಟೆಂಡರ್ ಕರೆಯಕೂಡದು ಎಂಬ ಸಾಲನ್ನೂ ಅದರಲ್ಲಿ ಸೇರಿಸಿ. ನಡಾವಳಿಯ ಪ್ರತಿಯನ್ನು ಸಂಡೂರು, ಕಂಪ್ಲಿ ತಾಲ್ಲೂಕು ಕಚೇರಿಗಳ ನೋಟಿಸ್ ಬೋರ್ಡಿಗೂ ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
ಹೊಸಪೇಟೆಯ ಒಬ್ಬ ಔಷಧಿ ವ್ಯಾಪಾರಿ