ಫೋಟೊದಲ್ಲಿ ಅಮ್ಮನ ಹೆಬ್ಬೆರಳು, ಅಂಗಡಿ ಬೇರೆಯವರದು

ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಬೆಳಗಾಗುವುದೇ ಮಗ್ಗದ ಸದ್ದಿನಿಂದ. ಎಲ್ಲವೂ ವಿದ್ಯುತ್ ಮಗ್ಗಗಳು. ಕರೆಂಟು ಹೋದರೆ ಬೀದಿಗೆ ಬೀದಿಯೇ ಗಪ್‌ಚುಪ್. ಇಲ್ಲಿನ ಸೀರೆಗಳಿಗೆ ಕೈಯಲ್ಲೇ ಮಾಡುವ ಕೊನೆಯ ಕೆಲಸ ಎಂದರೆ ಕುಚ್ಚು ಕಟ್ಟುವುದು. ನನ್ನ ಅಮ್ಮ ಮಾಡುವುದು ಅದನ್ನೇ. ಸೆರಗಿನ ಎಳೆಗಳನ್ನು ಗುಂಪು ಮಾಡಿ, ದಾರ ಸುತ್ತಿ, ಮಣಿ ಪೋಣಿಸಿ ಒಂದು ಸೀರೆ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಸಾದಾ ಕುಚ್ಚಿಗೆ ಸಿಗುವುದು 250 ರೂಪಾಯಿ.

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಇದನ್ನು ಆನ್‌ಲೈನ್‌ನಲ್ಲಿ ಮಾರೋಣ ಎಂದು ಹೊರಟೆ. ಯಾವ ಸೀರೆಗಾದರೂ ಹೊಲಿದುಕೊಳ್ಳಬಹುದಾದ ಕ್ರೋಶಾ ಕುಚ್ಚಿನ ಪಟ್ಟಿ, ಬೆಲೆ 350. ‘ಹ್ಯಾಂಡ್‌ಮೇಡ್ ಕುಚ್ಚು’ ಎಂದು ಹೆಸರು ಕೊಟ್ಟೆ. ಆಮೇಲೆ ಹುಡುಕಿ ನೋಡಿದರೆ ಪುಟಗಟ್ಟಲೆ ಅದೇ ಹೆಸರು. ಅಳತೆ, ಬಣ್ಣ ಎಲ್ಲ ಒಂದೇ ಅಚ್ಚಿನಂತಿದ್ದ ಪಟ್ಟಿಗಳು 60 ರೂಪಾಯಿಗೆ ಇದ್ದವು. ಅವೂ ಹ್ಯಾಂಡ್‌ಮೇಡ್! ಮೊದಲ ತಿಂಗಳು ನಮಗೆ ಬಂದದ್ದು ಎರಡು ಆರ್ಡರ್. ಅದರಲ್ಲಿ ಒಂದು ನೆಲಮಂಗಲದ ಚಿಕ್ಕಮ್ಮನದು. ಇನ್ನೊಂದು ‘ಬಣ್ಣ ಫೋಟೊದಲ್ಲಿದ್ದ ಹಾಗಿಲ್ಲ’ ಎಂದು ವಾಪಸ್ ಬಂತು.

ಎರಡನೇ ತಿಂಗಳು ನಮ್ಮದೇ ಫೋಟೊ ಇನ್ನೊಬ್ಬ ಮಾರಾಟಗಾರನ ಪುಟದಲ್ಲಿ ಕಾಣಿಸಿತು. ಬೆಲೆ 99. ಮೂಲೆಯಲ್ಲಿ ಅಮ್ಮನ ಅರಿಶಿನ ಹತ್ತಿದ ಹೆಬ್ಬೆರಳು ಹಾಗೇ ಇತ್ತು. ದೂರು ಕೊಟ್ಟರೆ, ಟ್ರೇಡ್‌ಮಾರ್ಕ್ ದಾಖಲೆ ಕಳಿಸಿ ಎಂಬ ಉತ್ತರ ಬಂತು. ಹೆಬ್ಬೆರಳಿಗೆ ಎಲ್ಲಿಯ ಟ್ರೇಡ್‌ಮಾರ್ಕ್?

ಆನ್‌ಲೈನ್ ಅಂಗಡಿಯ ಹುಡುಕಾಟ ಸಾಮಾನ್ಯವಾಗಿ ಹೆಚ್ಚು ಮಾರಾಟವಾದದ್ದನ್ನು, ಹೆಚ್ಚು ರೇಟಿಂಗ್ ಇರುವುದನ್ನು ಮೇಲೆ ತೋರಿಸುತ್ತದೆ. ಮೇಲಿದ್ದದ್ದು ಇನ್ನಷ್ಟು ಮಾರಾಟವಾಗಿ ಇನ್ನೂ ಮೇಲೆ ಹೋಗುತ್ತದೆ. ನಾವು ಕ್ಲಾಸಿನಲ್ಲಿ ಓದುವ ಪಾಸಿಟಿವ್ ಫೀಡ್‌ಬ್ಯಾಕ್ ಇದೇ. ವಾರಕ್ಕೆ ಆರು ಸೀರೆ ಮುಗಿಸುವ ಕೈ ಈ ಸುತ್ತಿನೊಳಗೆ ಹೋಗುವುದೇ ಕಷ್ಟ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಸರಕುಗಳನ್ನು ಯಾವ ಆಧಾರದ ಮೇಲೆ ಮೇಲೆ ಕೆಳಗೆ ತೋರಿಸುತ್ತೇವೆ ಎಂಬುದನ್ನು ಮಾರುಕಟ್ಟೆ ಕಂಪನಿಗಳು ಸರಳ ಭಾಷೆಯಲ್ಲಿ ಹೇಳಬೇಕು. ವಸ್ತು ಯಾವ ದೇಶದಲ್ಲಿ ತಯಾರಾಯಿತು ಎಂಬುದನ್ನೂ ನಮೂದಿಸಬೇಕು. ಆದರೆ ಎಷ್ಟು ಭಾಗ ಕೈಕೆಲಸವಿದ್ದರೆ ‘ಹ್ಯಾಂಡ್‌ಮೇಡ್’ ಎನ್ನಬಹುದು ಎಂಬ ಅಳತೆ ಆ ನಿಯಮಗಳಲ್ಲಿ ಇಲ್ಲ.

ಹಾಗೆಂದು ನಮ್ಮಲ್ಲಿ ಗುರುತುಗಳಿಗೆ ಬರವಿಲ್ಲ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ರೇಷ್ಮೆ ಅಸಲಿ ಎಂದು ಹೇಳುತ್ತದೆ, ಯಾವ ಮಗ್ಗದಲ್ಲಿ ನೇಯ್ದದ್ದು ಎಂದು ಹೇಳುವುದಿಲ್ಲ. ಅದಕ್ಕೆ 2006ರ ಹ್ಯಾಂಡ್‌ಲೂಮ್ ಮಾರ್ಕ್ ಬೇಕು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಇದೆ. ಕುಚ್ಚಿಗೆ ಇಂಥದ್ದು ಯಾವುದೂ ಇಲ್ಲ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ, ಹೂಮಾಲೆ ಕಟ್ಟುವವರು ಇದ್ದಾರೆ, ಕುಚ್ಚು ಕಟ್ಟುವವರ ಹೆಸರಿಲ್ಲ. ಮನೆಯಲ್ಲಿ ಕೂತು ಹೆಂಗಸರು ಮಾಡುವ ಕೆಲಸ ಕಸುಬಿನ ಲೆಕ್ಕಕ್ಕೇ ಬಂದಂತಿಲ್ಲ.

ಈ ಹೊತ್ತಿನಲ್ಲಿ ನನಗೂ ಆಸೆ ಹುಟ್ಟಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ‘ನಿಮ್ಮ ಬೀದಿ ಸೀರೆಗೆ ಕುಚ್ಚು ಕಟ್ಟಿ ಕೈಮಗ್ಗದ ಸೀರೆ ಅಂತ ಹಾಕು, ಎಲ್ಲರೂ ಹಾಕ್ತಾರೆ’ ಎಂದು ಗೆಳೆಯನೊಬ್ಬ ಹೇಳಿಕೊಟ್ಟ. ಅಮ್ಮನ ಕಿವಿಗೆ ಬಿತ್ತು. ‘ಅಲ್ಲ ಕಣೋ, ಮಗ್ಗದ ಸದ್ದು ಬೀದಿಗೆಲ್ಲ ಕೇಳ್ಸುತ್ತೆ, ನೀನು ಕೈಮಗ್ಗ ಅಂತ ಬರೀತೀಯಾ?’ ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಸೂರತ್‌ನ ಅಗ್ಗದ ಸೀರೆಗಳು ತಮ್ಮ ಮಾರುಕಟ್ಟೆ ಕಿತ್ತುಕೊಂಡವು ಎಂದು ದೂರುವ ಊರು ನಮ್ಮದು. ಅಂಥ ಊರಿನಿಂದ ನಾನೇ ಇನ್ನೊಬ್ಬ ನೇಕಾರನ ಹೆಸರು ಕದಿಯುವುದು ಹೇಗೆ?

ಇನ್ನೊಂದು ತೊಡಕು ತೆರಿಗೆಯದು. ಮೊದಲು ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರಲು ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ವಿನಾಯಿತಿ ಸಿಕ್ಕಿದೆ. ಪ್ಯಾನ್ ಕೊಟ್ಟು ಪೋರ್ಟಲ್‌ನಲ್ಲಿ ಎನ್ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಒಳ್ಳೆಯದೇ. ಆದರೆ ರಾಜ್ಯದೊಳಗೆ ಮಾತ್ರ ಮಾರಬೇಕು. ಹಾಗಾಗಿ ದೊಡ್ಡಬಳ್ಳಾಪುರದಿಂದ ದೂರದ ಬೀದರ್‌ಗೆ ಕುಚ್ಚು ಕಳಿಸಬಹುದು, ಗೌರಿಬಿದನೂರು ದಾಟಿದರೆ ಸಿಗುವ ಹಿಂದೂಪುರಕ್ಕೆ ಕಳಿಸುವಂತಿಲ್ಲ. ಅದು ಆಂಧ್ರ. ಮದುವೆ ಸೀರೆ ಕೊಳ್ಳುವವರಿಗೆ ಈ ಗಡಿ ಎಂದೂ ಕಂಡಿದ್ದಿಲ್ಲ. ಆ ವಿನಾಯಿತಿಯನ್ನು ಕೈಕೆಲಸದವರಿಗಾದರೂ ಗಡಿಯಾಚೆಗೆ ವಿಸ್ತರಿಸಬೇಕು.

ಕೊನೆಗೆ ಪಟ್ಟಿ ಮಾರುವುದನ್ನೇ ನಿಲ್ಲಿಸಿದೆವು. 60 ರೂಪಾಯಿಯ ಎದುರು ಗೆಲ್ಲುವುದಿಲ್ಲ ಎಂದು ಅರ್ಥವಾಗಿತ್ತು. ಈಗ ಗಿರಾಕಿ ತಮ್ಮ ಸೆರಗಿನ ಫೋಟೊವನ್ನು ಬಿಸಿಲಿನಲ್ಲಿ ತೆಗೆದು ವಾಟ್ಸ್ಆ್ಯಪ್‌ಗೆ ಕಳಿಸುತ್ತಾರೆ. ಅಮ್ಮ ನಾಲ್ಕಾರು ದಾರ ಇಟ್ಟು ನೋಡಿ, ಎರಡು ಕುಚ್ಚು ಕಟ್ಟಿ ತೋರಿಸುತ್ತಾಳೆ. ಒಪ್ಪಿದರೆ ಸೀರೆ ಬರುತ್ತದೆ. ಕಟ್ಟುವಾಗ ನಾನು 20 ಸೆಕೆಂಡಿನ ವಿಡಿಯೊ ತೆಗೆದು ಅವರಿಗೇ ಕಳಿಸುತ್ತೇನೆ, ಅದರಲ್ಲಿ ಅವರ ಸೀರೆಯೇ ಇರುತ್ತದೆ. ಅದನ್ನು ಕದ್ದು ಯಾರಿಗೂ ಉಪಯೋಗವಿಲ್ಲ. ಬೆಲೆ 550ರಿಂದ ಶುರು. ಮೂರು ತಿಂಗಳಲ್ಲಿ 11 ಸೀರೆ ಬಂದಿವೆ, ಹೆಚ್ಚಿನವು ಯಲಹಂಕ, ದೇವನಹಳ್ಳಿ, ಹೊಸಕೋಟೆಯಿಂದ. ಇದನ್ನು ಸ್ಟಾರ್ಟಪ್ ಎಂದರೆ ನನ್ನ ಕ್ಲಾಸಿನವರು ನಗುತ್ತಾರೆ. ಆರ್ಡರ್ ಹೆಚ್ಚಾದರೆ ಅಮ್ಮನ ಕೈ ಸಾಲುವುದಿಲ್ಲ, ಪಕ್ಕದ ಮನೆ ಅಕ್ಕಂದಿರಿಗೆ ಹಂಚಬೇಕು. ಆಗ ಅವರಿಗೆ ಎಷ್ಟು ಕೊಡಬೇಕು ಎಂದು ನಾನೂ ಅಮ್ಮನೂ ಇನ್ನೂ ಜಗಳವಾಡುತ್ತಿದ್ದೇವೆ.

ಪಟ್ಟಿ ಮಾರುತ್ತಿದ್ದಾಗ ಹಿಂದೂಪುರದ ಒಬ್ಬರು ತಮ್ಮ ಊರಿಗೆ ಯಾಕೆ ಡೆಲಿವರಿ ಇಲ್ಲ ಎಂದು ಕೇಳಿದ್ದರು. ಹೋದ ತಿಂಗಳು ಅವರು ಸೀರೆ ಹಿಡಿದುಕೊಂಡು ರೈಲು ಹತ್ತಿ ಬಂದೇಬಿಟ್ಟರು. ಅಮ್ಮ ಕುಚ್ಚು ಕಟ್ಟಿ ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದು, ಊಟ ಮಾಡಿಕೊಂಡು, ಸಂಜೆ ರೈಲಿಗೆ ವಾಪಸ್ ಹೋದರು.