ಗಣಕದ ಹರದೇಶಿ-ನಾಗೇಶಿ

ಭೀಮೆ-ಕೃಷ್ಣೆಯರ ನಡುವಿನ ನಮ್ಮ ನಾಡಿನಲ್ಲಿ ಮಳೆಗೆ ಬರ ಬಂದದ್ದುಂಟು, ವಾದಕ್ಕೆ ಬರ ಬಂದದ್ದಿಲ್ಲ. ಜಾತ್ರೆಯ ರಾತ್ರಿ ಡಪ್ಪಿನ ಸಪ್ಪಳ ಕಿವಿಗೆ ಬಿದ್ದಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜನ ಬುತ್ತಿ ಕಟ್ಟಿಕೊಂಡು ಬಂದು ಕೂಡುವದು ಹರದೇಶಿ-ನಾಗೇಶಿಯರ ಸವಾಲು-ಜವಾಬು ಕೇಳಲೆಂದೇ. ಶಿವನು ಹೆಚ್ಚೆಂದು ಒಂದು ಮೇಳ ಹಾಡುತ್ತದೆ. ಶಕ್ತಿಯೇ ಹೆಚ್ಚೆಂದು ಇನ್ನೊಂದು ಮೇಳ ಎದುರು ನಿಲ್ಲುತ್ತದೆ. ಪುರಾಣ, ಒಗಟು, ಬೈಗುಳ, ಭಕ್ತಿ ಎಲ್ಲವೂ ಅಲ್ಲಿ ಹರಿದು ಹೋಗುತ್ತವೆ. ಬೆಳಗು ಹರಿಯುವ ಹೊತ್ತಿಗೆ ಗೆದ್ದವರಾರು ಎಂದು ಕೇಳಿದರೆ ಯಾರೂ ಹೇಳಲಾರರು. ಗೆದ್ದದ್ದು ಹಾಡು, ಅಷ್ಟೆ.

ಇತ್ತೀಚೆಗೆ ನಮ್ಮ ಮನೆತನದಲ್ಲಿಯೇ ಇಂಥದೊಂದು ಮೇಳ ಹುಟ್ಟಿಕೊಂಡಿದೆ. ಆದರೆ ಅದರ ದೇವರು ಶಿವನೂ ಅಲ್ಲ, ಶಕ್ತಿಯೂ ಅಲ್ಲ. ಇಂಡಿಯಲ್ಲಿರುವ ನನ್ನ ಅಣ್ಣನ ಮಗ ಲಿನಕ್ಸ್ ಪಕ್ಷದವನು. ಸಿಂದಗಿಯಲ್ಲಿರುವ ನನ್ನ ತಂಗಿಯ ಮಗ ವಿಂಡೋಸ್ ಪಕ್ಷದವನು. ಬಸವನ ಬಾಗೇವಾಡಿಯಲ್ಲಿ ನೆರವೇರಿದ ಒಂದು ಲಗ್ನದಲ್ಲಿ ಇವರಿಬ್ಬರೂ ಊಟದ ಪಂಕ್ತಿಯಲ್ಲಿ ಎದುರುಬದುರಾದರು. ಹೋಳಿಗೆಗೆ ತುಪ್ಪ ಬೀಳುವದಕ್ಕೆ ಮೊದಲೇ ವಾದ ಮೊದಲಾಯಿತು. “ಕಾಕಾ, ಇವರು ದುಡ್ಡು ಕೊಟ್ಟು ಬಾಡಿಗಿ ಮನ್ಯಾಗ ಇರೋ ಮಂದಿ ರೀ. ಮಾಲಕ ಹೊರಗ ಹೋಗು ಅಂದ್ರ ಹೋಗಬೇಕು” ಎಂದು ಒಬ್ಬ. “ಮಾಮಾ, ಇವರದು ಪುಕ್ಕಟೆ ಮನಿ ಖರೆ. ಆದ್ರ ಮಳಿ ಬಂದ್ರ ಮಾಳಗಿ ತಾವ ಏರಿ ಮಣ್ಣ ಹಾಕಬೇಕು” ಎಂದು ಇನ್ನೊಬ್ಬ. ಬೀಗರು ನಕ್ಕರು. ನಾನೂ ನಕ್ಕೆ. ಆಗ ನನಗೆ ಅದು ವಿನೋದವಾಗಿಯೇ ಕಂಡಿತ್ತು.

ಈ ಮತಭೇದದ ಮೂಲವೇನೆಂಬದನ್ನು ಎರಡು ಮಾತಿನಲ್ಲಿ ಹೇಳಿಬಿಡುವದು ಒಳಿತು. ಕಾಲುವೆಗೆ ನೀರು ಬಿಟ್ಟಾಗ ಯಾವ ಹೊಲಕ್ಕೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ಹಂಚಿಕೊಡಲು ಒಬ್ಬನಿರಬೇಕಷ್ಟೆ. ಗಣಕಯಂತ್ರದಲ್ಲಿ ನೆನಪಿನ ಜಾಗ, ಲೆಕ್ಕ ಮಾಡುವ ಹೊತ್ತು, ಕಡತಗಳ ಕಪಾಟು, ಮುದ್ರಣಯಂತ್ರ ಇವನ್ನೆಲ್ಲ ಹಂಚಿಕೊಡುವ ಯಜಮಾನಿಕೆಗೆ ಕಾರ್ಯಾಚರಣಾ ವ್ಯವಸ್ಥೆಯೆಂದು ಹೆಸರು. ಆಪಲ್ ಕಂಪನಿ 1984ರಲ್ಲಿ ಮ್ಯಾಕಿಂತೋಷನ್ನು ತಂದಿತು; ಮೈಕ್ರೋಸಾಫ್ಟ್ ಕಂಪನಿ 1985ರಲ್ಲಿ ವಿಂಡೋಸನ್ನು ತಂದಿತು. ತಂತ್ರಾಂಶಕ್ಕೆ ಒಡೆಯನಿರಬಾರದು, ಅದರ ಮೂಲವನ್ನು ಯಾರಾದರೂ ಓದಿ ತಿದ್ದುವಂತಿರಬೇಕು ಎಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದ. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದು ವರುಷದ ವಿದ್ಯಾರ್ಥಿ ಲಿನಸ್ ಟಾರ್ವಾಲ್ಡ್ಸ್, ಕೇವಲ ಹವ್ಯಾಸಕ್ಕೆಂದು ತಾನೊಂದು ವ್ಯವಸ್ಥೆಯನ್ನು ಬರೆಯುತ್ತಿರುವೆನೆಂದು ತಿಳಿಸಿದ. ಅದೇ ಲಿನಕ್ಸ್.

ಅಂದಿನಿಂದ ಈ ಪಕ್ಷಗಳ ನಡುವೆ ನಡೆದ ಮಾತಿನ ಕಾಳಗ ಧರ್ಮಯುದ್ಧಕ್ಕೆ ಸಮನಾದುದು. ಇಟಲಿಯ ಪ್ರಸಿದ್ಧ ಲೇಖಕ ಉಂಬೆರ್ತೊ ಇಕೊ 1994ರಲ್ಲಿಯೇ ಒಂದು ವಾರಪತ್ರಿಕೆಯಲ್ಲಿ, ಮ್ಯಾಕಿಂತೋಷ್ ಕ್ಯಾಥೊಲಿಕ್ ಮತವೆಂದೂ ಮೈಕ್ರೋಸಾಫ್ಟಿನ ಡಾಸ್ ಪ್ರಾಟೆಸ್ಟಂಟ್ ಮತವೆಂದೂ ಪರಿಹಾಸ್ಯ ಮಾಡಿದ್ದ. ಆದರೆ ಭಕ್ತರು ಕಾದಾಡುತ್ತಿರುವಾಗ ಮಠಾಧೀಶರು ಏನು ಮಾಡುತ್ತಿದ್ದರು? 1997ರ ಆಗಸ್ಟಿನಲ್ಲಿ ಬಾಸ್ಟನ್ ನಗರದ ಸಭೆಯಲ್ಲಿ ಆಪಲ್ಲಿನ ಸ್ಟೀವ್ ಜಾಬ್ಸ್, ಮೈಕ್ರೋಸಾಫ್ಟ್ ತಮ್ಮ ಕಂಪನಿಯಲ್ಲಿ 15 ಕೋಟಿ ಡಾಲರ್ ಹೂಡುತ್ತದೆಂದು ಸಾರಿದ. ತೆರೆಯ ಮೇಲೆ ಬಿಲ್ ಗೇಟ್ಸನ ಮುಖ ಮೂಡಿದಾಗ ನೆರೆದ ಭಕ್ತಗಣ ಕೂಗಿ ಧಿಕ್ಕರಿಸಿತು. ಒಡೆಯರಿಬ್ಬರೂ ಕೈ ಕುಲುಕಿಯಾಗಿತ್ತು. ಒಕ್ಕಲುಗಳಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. 2001ರಲ್ಲಿ ಲಿನಕ್ಸನ್ನು ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಅರ್ಬುದರೋಗಕ್ಕೆ ಹೋಲಿಸಿದ. 2016ರಲ್ಲಿ ಅದೇ ಕಂಪನಿ ವಿಂಡೋಸಿನ ಒಳಗೇ ಲಿನಕ್ಸನ್ನು ನಡೆಸಲು ಅನುವು ಮಾಡಿಕೊಟ್ಟಿತು. ನನ್ನ ತಂಗಿಯ ಮಗ ಲಿನಕ್ಸನ್ನು ಹಳಿದು ಸಂದೇಶ ಕಳಿಸುವದು ಆಂಡ್ರಾಯ್ಡ್ ಫೋನಿನಿಂದ. ಆ ಫೋನಿನ ತಿರುಳೂ ಲಿನಕ್ಸೇ ಆಗಿದೆ. ಈ ಮಾತನ್ನು ಅವನಿಗೆ ಹೇಳಿದ ದಿನ ಅವನು ಊಟಕ್ಕೆ ಸರಿಯಾಗಿ ಕೂಡಲಿಲ್ಲವೆಂದು ತಂಗಿ ನನ್ನ ಮೇಲೆ ಮುನಿಸಿಕೊಂಡಳು.

ಇಷ್ಟಾದರೂ ಎರಡೂ ಪಕ್ಷಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ತಹಶೀಲ್ದಾರ ಕಚೇರಿಯ ಸುತ್ತ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡು ಹೊಟ್ಟೆ ಹೊರೆಯುವವರಿಗೆ ವಿಂಡೋಸ್ ಕೈಗೆ ಹೊಂದಿದ ಕುಡುಗೋಲು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದದ್ದು ಅದರ ಮೇಲೆಯೇ; ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದದ್ದೂ ಅದರ ಮೇಲೆಯೇ. ಸಾವಿರಾರು ಕನ್ನಡಿಗರು ಗಣಕದಲ್ಲಿ ಕನ್ನಡದ ಮೊದಲ ಅಕ್ಷರ ತಿದ್ದಿದ್ದು ಅಲ್ಲಿ. ಯಂತ್ರ ಕೆಟ್ಟರೆ ರಿಪೇರಿ ಮಾಡುವವನು ಮುದ್ದೇಬಿಹಾಳದಲ್ಲಿಯೇ ಸಿಗುತ್ತಾನೆಂಬ ಧೈರ್ಯ ಸಣ್ಣದಲ್ಲ. ಅತ್ತ ಲಿನಕ್ಸಿನವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಅದಕ್ಕೆ ಹಣ ಕೊಡಬೇಕಿಲ್ಲ. ಹಳೆಯ ಯಂತ್ರದಲ್ಲಿಯೂ ಅದು ನಡೆಯುತ್ತದೆ. ಒಳಗೇನಿದೆಯೆಂದು ಬಲ್ಲವರು ಬಿಚ್ಚಿ ನೋಡಬಹುದು. ಹಣ ತೆರದೆ ಕಂಪನಿಯ ತಂತ್ರಾಂಶವನ್ನು ನಕಲು ಮಾಡಿಕೊಂಡು ಕಳ್ಳತನದ ಅಳುಕಿನಲ್ಲಿ ಬಾಳುವದಕ್ಕಿಂತ, ಹಕ್ಕಿನಿಂದ ಪುಕ್ಕಟೆಯಾಗಿ ದೊರೆತದ್ದನ್ನು ಬಳಸುವದು ಮರ್ಯಾದೆಯ ದಾರಿಯಲ್ಲವೆ? ಕೀಲಿಮಣೆ ಬದಲಾದೀತೆಂಬ ಭಯಕ್ಕೂ ಕಾರಣವಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಅನುಸರಿಸಿ ‘ನುಡಿ’ಯಲ್ಲಿ ಬಳಕೆಗೆ ಬಂದ ಕೀಲಿಮಣೆ ಲಿನಕ್ಸಿನಲ್ಲಿಯೂ ದೊರೆಯುತ್ತದೆ.

ಆದರೆ ನನ್ನ ನಗೆಯನ್ನು ನಿಲ್ಲಿಸಿದ ಸಂಗತಿ ಬೇರೆಯದು. ಹಲವು ವರುಷಗಳ ಹಿಂದೆ ಮುದ್ದೇಬಿಹಾಳ ತಾಲೂಕಿನ ಹಳ್ಳಿಗಳಲ್ಲಿ ತಿರುಗಾಡಿ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ ಬರೆದುಕೊಂಡಿದ್ದೆ. ಒಬ್ಬ ಅಜ್ಜಿಯ ಹತ್ತಿರವೇ ನಲವತ್ತಕ್ಕೂ ಮಿಕ್ಕಿ ಪದಗಳಿದ್ದವು. 2004ರಲ್ಲಿ ಅವನ್ನೆಲ್ಲ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಕೂಡಿಸಿ, ಒಂದು ಸಿ.ಡಿ.ಯಲ್ಲಿ ಹಾಕಿಸಿಕೊಂಡೆ. ಇನ್ನು ಇದಕ್ಕೆ ಅಳಿವಿಲ್ಲವೆಂದು ನಂಬಿ ಕೈಬರಹದ ವಹಿಗಳನ್ನು ಅಲಕ್ಷಿಸಿದೆ. ಅವನ್ನು ಗೆದ್ದಲು ತಿಂದಿತು. ಕಡತ ಮಾತ್ರ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುತ್ತ ನನ್ನೊಡನೆಯೇ ಉಳಿದಿತ್ತು. ಕಳೆದ ವರುಷ ಅಣ್ಣನ ಮಗ ನನ್ನ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟ. ಕಡತ ತೆರೆದು ನೋಡುತ್ತೇನೆ: ಅಜ್ಜಿಯ ಪದಗಳಿದ್ದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಚುಕ್ಕೆ, ಅಡ್ಡಗೆರೆ, ಕೊಂಬು. ಸುದ್ದಿ ಕೇಳಿ ತಂಗಿಯ ಮಗ ವಿಜಯದ ಉತ್ಸಾಹದಿಂದಲೇ ಬಂದ. “ನಾ ಹೇಳಿದ್ದಿಲ್ಲೇನ್ರಿ ಮಾಮಾ?” ಎಂದು ತನ್ನ ಹೊಸ ವಿಂಡೋಸ್ ಯಂತ್ರದಲ್ಲಿ ಅದೇ ಕಡತವನ್ನು ತೆರೆದ. ಅಲ್ಲಿಯೂ ಅವೇ ಅಕ್ಷರಗಳು, ಅವೇ ಚುಕ್ಕೆಗಳು. ಎರಡು ಮೇಳಗಳೂ ಏಕಕಾಲಕ್ಕೆ ಸುಮ್ಮನಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಾರಣ ಸರಳವಾದದ್ದು. ಆ ಕಾಲದ ಹಲವು ಕನ್ನಡ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ಇಂಗ್ಲಿಷ್ ಮೊದಲಾದ ಯುರೋಪಿನ ಅಕ್ಷರಗಳಿಗೆಂದು ಇದ್ದ 256 ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂಡಿಸುತ್ತಿದ್ದರು. ಗಣಕವು ಬರೆದಿಟ್ಟುಕೊಂಡದ್ದು ಇಂಗ್ಲಿಷ್ ಅಕ್ಷರದ ಅಂಕಿ; ಕಣ್ಣಿಗೆ ತೋರಿಸಿದ್ದು ಕನ್ನಡದ ವೇಷ. ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ ವೇಷ ಕಟ್ಟಿದರು. ಆ ಫಾಂಟ್ ಇಲ್ಲದಲ್ಲಿ ವೇಷ ಕಳಚುತ್ತದೆ. ನನ್ನ ಕಡತದ ಫಾಂಟ್ ಯಾವದೆಂದು ಹೇಳಬೇಕಾದ ಅಂಗಡಿ ಎಂದೋ ಮುಚ್ಚಿಹೋಗಿತ್ತು. ಹುಡುಗರಿಬ್ಬರೂ ಜೊತೆಯಲ್ಲಿ ಕುಳಿತು, ಹಳೆಯ ಕಡತಗಳನ್ನು ಬದಲಿಸಿಕೊಡುವ ತಂತ್ರಾಂಶಗಳನ್ನು ಹುಡುಕಿ, ಮೂರು ರಾತ್ರಿ ಶ್ರಮಿಸಿ ಬಹುಪಾಲು ಪದಗಳನ್ನು ಮರಳಿ ಪಡೆದರು. ಒತ್ತಕ್ಷರಗಳು ಕಲಸಿಹೋದ ಕೆಲವು ಸಾಲುಗಳು ಮಾತ್ರ ಇಂದಿಗೂ ಅರ್ಥವಾಗಿಲ್ಲ. ಕೇಳೋಣವೆಂದರೆ ಅಜ್ಜಿ ಈಗಿಲ್ಲ.

ಆ ರಾತ್ರಿಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದವರು ಫ. ಗು. ಹಳಕಟ್ಟಿಯವರು. ಇದೇ ಜಿಲ್ಲೆಯ ವಿಜಾಪುರದಲ್ಲಿ ವಕೀಲಿ ಮಾಡುತ್ತ ಅವರು ಊರೂರು ಅಲೆದು ತಾಡೋಲೆಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುಂದೆ ಅದಕ್ಕಾಗಿಯೇ ಸ್ವಂತ ಅಚ್ಚುಕೂಟವನ್ನೂ ಕಟ್ಟಿದರು. ಶತಮಾನಗಳ ಹಿಂದಿನ ಓಲೆಗರಿಯನ್ನು ಬಿಚ್ಚಿದಾಗ ಅವರಿಗೆ ಕಂಡದ್ದು ಕನ್ನಡದ ಅಕ್ಷರವೇ. ಹುಳು ತಿಂದಿರಬಹುದು, ಅಂಚು ಮುರಿದಿರಬಹುದು. ಉಳಿದದ್ದನ್ನು ಓದಲು ಯಾವ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಹಾಗೆಯೇ ಹಿಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಇಂದಿಗೂ ಕಪಾಟಿನಿಂದ ತೆಗೆದರೆ ಓದಲು ಬರುತ್ತದೆ. ನಾನು ಕೂಡಿಸಿದ ಹಾಡು ಇಪ್ಪತ್ತೊಂದು ವರುಷಕ್ಕೆ ಓದಲು ಬಾರದಂತಾಯಿತು. ತಾಡೋಲೆಗಿಂತ ಗಣಕವೇ ಬೇಗ ಮುಪ್ಪಾಯಿತೆಂದರೆ ನಗಬೇಕೊ, ಅಳಬೇಕೊ?

ಆದುದರಿಂದ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇನೆ. ನಮ್ಮ ತರುಣರ ಜಗಳ ತಪ್ಪಲ್ಲ. ಜಗಳದ ವಿಷಯ ಮಾತ್ರ ತಪ್ಪು. ಯಜಮಾನ ಯಾರಾಗಬೇಕೆಂದು ಕಾದಾಡುವವರು ಕಾಳು ಎಲ್ಲಿದೆಯೆಂದು ನೋಡಲಿಲ್ಲ. ಲಿನಕ್ಸ್ ಹುಟ್ಟಿದ 1991ರಲ್ಲಿಯೇ, ಅಕ್ಟೋಬರ ತಿಂಗಳಿನಲ್ಲಿ, ಯೂನಿಕೋಡಿನ ಮೊದಲ ಆವೃತ್ತಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಓಣಿಯನ್ನು ಬಿಟ್ಟುಕೊಟ್ಟರು. ಅಲ್ಲಿ ಬರೆದ ‘ಕ’ ಯಾವ ಯಂತ್ರದಲ್ಲಿಯೂ ಯಾವ ವ್ಯವಸ್ಥೆಯಲ್ಲಿಯೂ ‘ಕ’ವೇ. ಇಂಡಿಯಲ್ಲಿ ಲಿನಕ್ಸಿನಲ್ಲಿ ಬರೆದದ್ದನ್ನು ಸಿಂದಗಿಯಲ್ಲಿ ವಿಂಡೋಸಿನಲ್ಲಿ ಓದಬಹುದು. ಲಿನಕ್ಸಿನ ಜನ್ಮದಿನವನ್ನು ನನ್ನ ಅಣ್ಣನ ಮಗ ಬಲ್ಲ. ವಿಂಡೋಸ್ 95 ಬಂದ ದಿನವನ್ನು ತಂಗಿಯ ಮಗ ಬಲ್ಲ. ಕನ್ನಡಕ್ಕೆ ಸ್ವಂತ ಮನೆ ದೊರೆತ ವರುಷ ಇಬ್ಬರಿಗೂ ಗೊತ್ತಿರಲಿಲ್ಲ.

ಇಂದಿಗೂ ಎಷ್ಟೋ ಲಗ್ನಪತ್ರಿಕೆ, ಠರಾವು, ಅರ್ಜಿ, ಸ್ಮರಣಸಂಚಿಕೆಗಳು ಹಳೆಯ ವೇಷದ ಅಕ್ಷರಗಳಲ್ಲಿಯೇ ತಯಾರಾಗುತ್ತಿವೆ. ಕೂಡಿಸುವವನಿಗೆ ರೂಢಿ, ಅಚ್ಚಿನವನಿಗೆ ಅಂದ. ಲಗ್ನಪತ್ರಿಕೆಯ ಮಾತು ಬಿಡೋಣ. ಅದರ ಆಯುಷ್ಯ ಅಕ್ಷತೆ ಬೀಳುವವರೆಗೆ. ಆದರೆ ಊರಿನ ಇತಿಹಾಸ, ಹಾಡು, ಸಭೆಯ ನಡಾವಳಿ ಇವುಗಳನ್ನು ಟೈಪು ಮಾಡಿಸುವವರು ಯೂನಿಕೋಡಿನಲ್ಲಿಯೇ ಬೇಕೆಂದು ಅಂಗಡಿಯಲ್ಲಿ ಪಟ್ಟು ಹಿಡಿಯಬೇಕು. ಒಂದು ಪ್ರತಿಯನ್ನು ಕಾಗದದ ಮೇಲೆಯೂ ಇಡಬೇಕು. ನಾನು ಮಾಡದೆ ಕೆಟ್ಟದ್ದನ್ನು ಅವರಾದರೂ ಮಾಡಲಿ.

ಇನ್ನೊಂದು ಮಾತು ಶಾಲೆಗಳ ಕುರಿತು. 2025ರ ಅಕ್ಟೋಬರ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿಯಿತು. ಮುಂದಿನ ಆವೃತ್ತಿಯನ್ನು ಅನೇಕ ಹಳೆಯ ಯಂತ್ರಗಳು ಹೊರಲಾರವು. ಅವು ಮೂಲೆ ಸೇರುವ ಮೊದಲು ಲಿನಕ್ಸ್ ಹಾಕಿ ನೋಡಬಾರದೆ? ಕೇರಳದ ಶಾಲೆಗಳು ಸುಮಾರು ಎರಡು ದಶಕಗಳಿಂದ ಲಿನಕ್ಸನ್ನೇ ನಡೆಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಮೇಲೆಯೇ ಕಲಿಯುತ್ತಾರೆ, ಕನ್ನಡದ ಪಠ್ಯಪುಸ್ತಕವಿಟ್ಟುಕೊಂಡು. ಅವರಿಗೆ ಸಾಧ್ಯವಾದದ್ದು ಮುದ್ದೇಬಿಹಾಳದ ಮಕ್ಕಳಿಗೆ ಅಸಾಧ್ಯವೆಂದು ನಾನು ನಂಬಲಾರೆ. ವಿಂಡೋಸನ್ನು ಹೊರಗಟ್ಟಬೇಕೆಂದಲ್ಲ, ನೌಕರಿ ಕೊಡುವವರು ಅದನ್ನೇ ಕೇಳುವರೆಂಬದೂ ನಿಜ. ಎರಡನ್ನೂ ಬಲ್ಲ ಮಗು ಯಾವದೊಂದಕ್ಕೂ ಅಡಿಯಾಳಾಗದು.

ಹರದೇಶಿ-ನಾಗೇಶಿಯರ ಮೇಳದಲ್ಲಿ ಒಂದು ಗುಣವಿದೆ. ಎಷ್ಟೇ ಕಾದಾಡಿದರೂ ಇಬ್ಬರ ಭಾಷೆ ಒಂದೇ. ಒಬ್ಬರ ಸವಾಲು ಇನ್ನೊಬ್ಬರಿಗೆ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಜವಾಬೆಲ್ಲಿಯದು? ಗಣಕದ ಮೇಳಗಳಿಗೂ ಅಷ್ಟು ಕಟ್ಟುಪಾಡು ಇರಲಿ. ಮುಂದಿನ ಲಗ್ನದಲ್ಲಿ ಹುಡುಗರು ಮತ್ತೆ ಜಗಳಕ್ಕೆ ಕೂಡಲಿ, ನಾನು ಬೇಡವೆನ್ನಲಾರೆ. ಈಚೆಗೆ ಅವರಿಬ್ಬರೂ ಸೇರಿ ಅಜ್ಜಿಯ ಪದಗಳ ಕರಡನ್ನು ತಿದ್ದುತ್ತಿದ್ದಾರೆ, ಒಬ್ಬ ಇಂಡಿಯಲ್ಲಿ ಕುಳಿತು, ಒಬ್ಬ ಸಿಂದಗಿಯಲ್ಲಿ ಕುಳಿತು. ಕಡತ ಅತ್ತಿಂದಿತ್ತ ಓಡಾಡುತ್ತಿದೆ. ಇದುವರೆಗೆ ಒಂದು ಅಕ್ಷರವೂ ಕೆಟ್ಟಿಲ್ಲ.