ಪರದೆಯ ಒಗಟು, ಠಾಣೆಯ ನೋವು

ಟಿವಿಯ ಅಪರಾಧ ಧಾರಾವಾಹಿಗಳಿಗೆ ಪೊಲೀಸ್ ಅಧಿಕಾರಿಯ ಆತ್ಮಹತ್ಯೆಯೆಂದರೆ ಬಿಡಿಸಬೇಕಾದ ಒಂದು ಒಗಟು. ಕೊನೆಯಲ್ಲಿ ಖಳನೊಬ್ಬ ಸಿಕ್ಕಿಬೀಳುತ್ತಾನೆ. ಸತ್ತವನು ಎಷ್ಟು ರಾತ್ರಿ ನಿದ್ದೆಯಿಲ್ಲದೆ ನರಳಿದ್ದನೆಂಬುದು ಕಥೆಗೆ ಬೇಡ.

ನೋಡುಗರಾದ ನಾವೂ ಭಿನ್ನರಲ್ಲ. ಕೋಲಾರದ ಜಿಲ್ಲಾಧಿಕಾರಿಯಾಗಿದ್ದ ಡಿ.ಕೆ. ರವಿ 2015ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲೂ ಎಲ್ಲರ ಬಾಯಲ್ಲಿ ಕೊಲೆಗಾರನದೇ ಮಾತು. ಸಿಬಿಐ ತನಿಖೆ ಅದನ್ನು ಆತ್ಮಹತ್ಯೆಯೆಂದಿತು. 2016ರ ಜುಲೈನಲ್ಲಿ ಡಿವೈಎಸ್‌ಪಿಗಳಾದ ಕಲ್ಲಪ್ಪ ಹಂಡಿಬಾಗ್ ಮತ್ತು ಎಂ.ಕೆ. ಗಣಪತಿ ಎರಡೇ ದಿನಗಳ ಅಂತರದಲ್ಲಿ ಪ್ರಾಣ ಕಳೆದುಕೊಂಡರು. ಗಣಪತಿಯವರ ಕೊನೆಯ ಸಂದರ್ಶನ ಮತ್ತೆ ಮತ್ತೆ ಪ್ರಸಾರವಾಯಿತು, ಸಚಿವ ಕೆ.ಜೆ. ಜಾರ್ಜ್ ರಾಜೀನಾಮೆ ನೀಡಿದರು. ಆ ರಾಜಕೀಯ ಪ್ರಶ್ನೆ ಅಗತ್ಯವೇ ಆಗಿತ್ತು. ಆದರೆ ಮನೋವೈದ್ಯರ ಬಳಿ ಹೋದರೆ ಹುಚ್ಚನೆಂಬ ಹಣೆಪಟ್ಟಿ ಬೀಳುವುದೆಂದು ಅಂಜುವ ಪೇದೆಯ ಪ್ರಶ್ನೆಯನ್ನು ಯಾವ ವಾಹಿನಿ ಅಷ್ಟು ಹೊತ್ತು ಚರ್ಚಿಸಿತು?

ಇನ್ನು ನಮ್ಮ ಮಿಂಬರ್‌ಗಳು. ಆತ್ಮಹತ್ಯೆ ಹರಾಮ್ ಎನ್ನುತ್ತೇವೆ, ನಿಜ. ಕಾಯಿಲೆಗೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರವರು ಬೋಧಿಸಿದ್ದು ದೇಹಕ್ಕಷ್ಟೇ ಏನು? ಖಿನ್ನತೆಯನ್ನು ಈಮಾನಿನ ಕೊರತೆಯೆಂದು ತೀರ್ಮಾನಿಸಿ ತಾಯಿತ ಕಟ್ಟುವವರು ಇಂದಿಗೂ ನಮ್ಮಲ್ಲಿದ್ದಾರೆ. ಸರಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಮಸೀದಿಯ ಫಲಕದಲ್ಲಿ ನಮಾಝ್ ವೇಳಾಪಟ್ಟಿಯ ಪಕ್ಕ ಅದನ್ನು ಬರೆಯಲು ಆಡಳಿತ ಸಮಿತಿಗೆ ಒಂದು ತುಂಡು ಸೀಮೆಸುಣ್ಣ ಸಾಕು.